ಚಿಚೆನ್ ಇಟ್ಜಾಗೆ ಮಕ್ಕಳನ್ನು ಕರ್ಕೊಂಡು ಹೋಗೋರಿಗೆ

ರಜೆಗೆ ಮೆಕ್ಸಿಕೋದ ಕ್ಯಾನ್‌ಕೂನ್ ಕಡೆ ಹೊರಟು, ಅಲ್ಲಿಂದ ಮಾಯಾ ಜನರ ಹಳೆಯ ಪಿರಮಿಡ್ ನಗರ ಚಿಚೆನ್ ಇಟ್ಜಾ ನೋಡಲು ಹೋಗೋರು ಓದಿ. ನಾವು ಎಂಟು ವರ್ಷದ ಮಗಳು, ಐದು ವರ್ಷದ ಮಗನ ಜೊತೆ ಹೋಗಿದ್ದೆವು. ಟೂರ್ ಬುಕ್ ಮಾಡುವ ಮುಂಚೆ ಬಸ್ಸು ನೇರ ಅಲ್ಲಿಗೇ ಹೋಗುತ್ತಾ ಕೇಳಿ. ನಮ್ಮದು ಹತ್ತು ಹೋಟೆಲಿನ ಮುಂದೆ ನಿಂತು, ಆಮೇಲೆ ಅಂಗಡಿಯೊಂದರಲ್ಲೂ ನಿಂತು, ಸುಮಾರು 200 ಕಿಲೋಮೀಟರ್ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ಚಿಕ್ಕವನು ಎರಡು ಸಲ ವಾಂತಿ ಮಾಡಿಕೊಂಡಿದ್ದ. ಗೇಟು ಬೆಳಿಗ್ಗೆ 8ಕ್ಕೇ ತೆರೆಯುತ್ತದೆ. ಅಲ್ಲಿನ ಗಡಿಯಾರ ಕ್ಯಾನ್‌ಕೂನ್‌ಗಿಂತ ಒಂದು ಗಂಟೆ ಹಿಂದೆ, ಹಾಗಾಗಿ ಬೇಗ ಹೊರಟರೆ ನಿಮಗೇ ಲಾಭ.

ದೊಡ್ಡ ಪಿರಮಿಡ್ ಹತ್ತಲು ಬಿಡುವುದಿಲ್ಲ. ಮನೆಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಅಲ್ಲಿ ರಂಪ. ಮೆಟ್ಟಿಲುಗಳ ಎದುರು ಸ್ವಲ್ಪ ದೂರ ನಿಂತು ಜೋರಾಗಿ ಚಪ್ಪಾಳೆ ತಟ್ಟಿಸಿ. ಹಕ್ಕಿ ಕೂಗಿದ ಹಾಗೆ ಪ್ರತಿಧ್ವನಿ ವಾಪಸ್ ಬರುತ್ತದೆ, ಕೆಟ್ಜಾಲ್ ಹಕ್ಕಿಯ ಕೂಗು ಅಂತಾರೆ. ನಮ್ಮವಳು ಗೈಡ್ ಮಾತು ಬಿಟ್ಟು ಅದನ್ನೇ ತಟ್ಟುತ್ತಾ ನಿಂತಿದ್ದಳು! ದೊಡ್ಡ ಮಕ್ಕಳಿದ್ದರೆ ಲೆಕ್ಕ ಕೊಡಿ: ನಾಲ್ಕು ಬದಿ, ಒಂದೊಂದಕ್ಕೆ 91 ಮೆಟ್ಟಿಲು, ಮೇಲೊಂದು, ಒಟ್ಟು ಎಷ್ಟು? 365, ವರ್ಷದ ದಿನಗಳು.

ನೆರಳು ಕಡಿಮೆ. ಟೋಪಿ, ನೀರು, ಚಪಾತಿ ರೋಲ್ ಇರಲಿ, ಬಸ್ಸಿನ ಊಟ ತುಂಬಾ ತಡ. ಸೆನೋಟೆ, ಅಂದರೆ ನೆಲದೊಳಗಿನ ಹೊಂಡ, ಅದರಲ್ಲಿ ಈಜೋದಿದ್ದರೆ ಇಳಿಯುವ ಮುಂಚೆ ಸನ್‌ಸ್ಕ್ರೀನ್ ತೊಳೆಸುತ್ತಾರೆ, ಅದಕ್ಕೆ ಉದ್ದ ತೋಳಿನ ಅಂಗಿಯೇ ವಾಸಿ. ಮತ್ತೆ, ಚಿರತೆ ಥರ ಗುರ್ ಅನ್ನುವ ಪೀಪಿ ಮಾರುತ್ತಾರೆ. ದಯವಿಟ್ಟು ವಾಪಸ್ ಬಸ್ ಹತ್ತುವ ಮುಂಚೆ ಕೊಡಿಸಬೇಡಿ.