ಕೆಲಸದ ವಲಯದಲ್ಲಿ ಪರಿಚಯ ಬೆಳೆಸುವುದು ಹೇಗೆ?

ಕೆಲಸ ಬದಲಿಸಬೇಕೆಂದಾಗ ನಾವು ಆಪ್ತ ಗೆಳೆಯರಿಗೆ ಹೇಳುತ್ತೇವೆ, ಇಲ್ಲವೇ ಮುಖಪರಿಚಯವೂ ಇಲ್ಲದ ದೊಡ್ಡವರಿಗೆ ರೆಸ್ಯೂಮೆ ಕಳಿಸುತ್ತೇವೆ. ನಡುವಿನ ಅರೆಪರಿಚಿತರು ನೆನಪಾಗುವುದೇ ಇಲ್ಲ. ಆದರೆ ಕೆಲಸದ ಸುದ್ದಿ ಹೆಚ್ಚಾಗಿ ತಲುಪುವುದು ಅವರಿಂದಲೇ. ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಶೇ 17ರಷ್ಟು ಮಂದಿಗೆ ಮಾತ್ರ ಪದೇ ಪದೇ ಸಿಗುವವರಿಂದ ಸುದ್ದಿ ತಲುಪಿತ್ತು. ಉಳಿದವರಿಗೆ ತಿಳಿಸಿದ್ದು ಆಗೀಗ ಅಥವಾ ಅಪರೂಪಕ್ಕೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಿಂದ.

ಹಾಗಾಗಿ ಮೊದಲು ಒಂದು ಪಟ್ಟಿ ಬರೆಯಿರಿ: ಹಾಸ್ಟೆಲ್ ಸೀನಿಯರ್‌ಗಳು, ಇಂಟರ್ನ್‌ಶಿಪ್‌ನಲ್ಲಿ ಜೊತೆಗಿದ್ದವರು, ಹಳೆಯ ಕಚೇರಿಯ ಬೇರೆ ವಿಭಾಗದವರು, ಪಾಠ ಮಾಡಿದ ಮೇಷ್ಟ್ರು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಎಂದು ಹುಡುಕಬಹುದು.

ನಂತರ ಮೆಸೇಜ್. ಬಹಳ ಜನ ಎಡವುವುದು ಇಲ್ಲೇ. ಬರೀ ‘ಹಾಯ್ ಸರ್’ ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. ಮೊದಲ ಮಾತಿನಲ್ಲೇ ಕೆಲಸ ಕೇಳಲೂಬೇಡಿ. ಹೀಗೆ ಬರೆಯಿರಿ: ‘ನಮಸ್ಕಾರ ಮೇಡಂ, ನಾನು ನಿಮ್ಮ ಕಾಲೇಜಿನಲ್ಲೇ ಎರಡು ವರ್ಷ ಜೂನಿಯರ್. ಟೆಕ್ ಫೆಸ್ಟ್‌ನಲ್ಲಿ ನಿಮ್ಮ ತಂಡದಲ್ಲಿದ್ದೆ. ಈಗ ಟೆಸ್ಟಿಂಗ್‌ನಲ್ಲಿದ್ದೇನೆ, ಡೇಟಾ ಅನಾಲಿಸಿಸ್ ಕಡೆಗೆ ಬರುವ ಆಸೆಯಿದೆ. ನೀವು ಹೇಗೆ ಬದಲಾಯಿಸಿಕೊಂಡಿರಿ ಎಂದು ಕೇಳಬೇಕಿತ್ತು. ಬಿಡುವಿದ್ದಾಗ ಹದಿನೈದು ನಿಮಿಷ ಫೋನ್ ಮಾಡಬಹುದೇ?’ ನೀವು ಯಾರು, ಗುರುತು ಎಲ್ಲಿಯದು, ಬೇಕಾದ್ದೇನು, ಎಷ್ಟು ಹೊತ್ತು ಬೇಕು ಎಲ್ಲವೂ ಇದರಲ್ಲಿದೆ. ಉತ್ತರ ಬರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ ಸಾಕು.

ಫೋನಿನಲ್ಲಿ ಅವರ ದಿನನಿತ್ಯದ ಕೆಲಸದ ಬಗ್ಗೆ ಕೇಳಿ. ಹೊಸಬರಲ್ಲಿ ಅವರು ಕಾಣುವ ಕೊರತೆ ಯಾವುದೆಂದು ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರ ಯಾವ ಕೋರ್ಸಿನಲ್ಲೂ ಸಿಗದು. ಹೇಳಿದ ಸಮಯಕ್ಕೇ ಮುಗಿಸಿ. ‘ಇನ್ನು ಯಾರನ್ನು ಕೇಳಿದರೆ ಒಳ್ಳೆಯದು?’ ಎಂದು ಕೇಳುವುದನ್ನು ಮರೆಯಬೇಡಿ.

ಅದೇ ದಿನ ಧನ್ಯವಾದ ಹೇಳಿ. ಅವರು ಸೂಚಿಸಿದ್ದನ್ನು ಕಲಿತ ಮೇಲೆ ಅದನ್ನೂ ತಿಳಿಸಿ. ಪರಿಚಯ ನಂಬಿಕೆಯಾಗುವುದು ಈ ಎರಡನೇ ಮೆಸೇಜ್‌ನಿಂದ, ಬಹುತೇಕರು ಕಳಿಸದೇ ಬಿಡುವುದೂ ಇದನ್ನೇ.

ರೆಫರಲ್, ಅಂದರೆ ತಮ್ಮ ಕಂಪನಿಯಲ್ಲಿ ನಿಮ್ಮ ಹೆಸರು ಶಿಫಾರಸು ಮಾಡಿ ಎಂದು ಕೇಳುವ ಸಮಯ ಬರುವುದು ಆಮೇಲೆ. ಹುದ್ದೆಯ ಜಾಬ್ ಐಡಿ (ಕಂಪನಿ ಆ ಹುದ್ದೆಗೆ ಕೊಟ್ಟ ಗುರುತಿನ ಸಂಖ್ಯೆ), ರೆಸ್ಯೂಮೆ, ಆ ಕೆಲಸಕ್ಕೆ ನೀವು ಹೇಗೆ ಹೊಂದುತ್ತೀರಿ ಎಂಬ ಮೂರು ಸಾಲು, ಮೂರನ್ನೂ ಒಟ್ಟಿಗೆ ಕಳಿಸಿ. ಅವರು ತಮ್ಮ ಹೆಸರನ್ನು ಪಣಕ್ಕಿಡುತ್ತಾರೆ. ಆಗುವುದಿಲ್ಲ ಎಂದರೆ ಒತ್ತಾಯಿಸಬೇಡಿ. ನಿಮಗೆ ಹೊಂದದ ಹುದ್ದೆ ಕಣ್ಣಿಗೆ ಬಿದ್ದರೆ, ಹೊಂದುವ ಜೂನಿಯರ್‌ಗೆ ಆವತ್ತೇ ಕಳಿಸಿ.