ಊರಿನ ಹಾಸ್ಯನಟನ ಬದುಕನ್ನು ಬರೆದಿಡುವುದು ಹೇಗೆ

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡಿದವರ ಮನೆಗೆ ಹೋದರೆ, ದುರ್ಯೋಧನನೋ ಕೃಷ್ಣನೋ ಆಗಿದ್ದವರ ಭಾವಚಿತ್ರ ಕಿರೀಟ, ಭುಜಕೀರ್ತಿಗಳ ಸಮೇತ ನಡುಮನೆಯ ಗೋಡೆಯ ಮೇಲೆ ಕಾಣುತ್ತದೆ. ಅದೇ ನಾಟಕದಲ್ಲಿ, ನಡುರಾತ್ರಿ ಕಳೆದ ಮೇಲೆ ತೂಕಡಿಸುತ್ತಿದ್ದ ಜನರನ್ನು ನಗಿಸಿ ಎಚ್ಚರಿಸಿದ ಹಾಸ್ಯ ಪಾತ್ರಧಾರಿಯ ಚಿತ್ರ ಸಿಗುವುದು ಅಪರೂಪ. ಆತ ಆಡಿದ ಮಾತು ಕಾಗದದ ಮೇಲೆ ಸಿಗುವುದಂತೂ ಇನ್ನೂ ಅಪರೂಪ. ಆ ಮಾತುಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಅವರೇ ಆಗಿರುತ್ತಾರೆ. ಹೀಗೆ ನಟರೂ ಬರಹಗಾರರೂ ಆಗಿದ್ದವರ ಬದುಕನ್ನು ಅವರ ಮೊಮ್ಮಕ್ಕಳೋ, ಊರಿನ ಕನ್ನಡ ಮೇಷ್ಟರೋ, ಕಾಲೇಜಿನ ವಿದ್ಯಾರ್ಥಿಗಳೋ ಬರೆದಿಡಬೇಕೆಂದು ಮನಸ್ಸು ಮಾಡಿದರೆ ಎಲ್ಲಿಂದ ಆರಂಭಿಸಬೇಕು, ಏನನ್ನು ಕೇಳಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ನನ್ನ ಅನುಭವದ ಮಟ್ಟಿಗೆ ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದ ಬದುಕುಗಳು

ಅಪರಿಚಿತ ನಟರೊಬ್ಬರ ಬಗ್ಗೆ ಬರೆಯುವ ಮುನ್ನ, ಅದೇ ಸೀಮೆಯ ಪರಿಚಿತ ನಟರ ಬದುಕನ್ನು ಚೆನ್ನಾಗಿ ತಿಳಿದುಕೊಳ್ಳುವುದು ಒಳ್ಳೆಯದು. ತುಮಕೂರಿನವರಿಗೆ ಈ ವಿಷಯದಲ್ಲಿ ಕೊರತೆಯಿಲ್ಲ. ಗುಬ್ಬಿ ಕಂಪನಿ ಎಂದೇ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿತು. ಬಾಲನಟರಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆಗಳನ್ನು ರಂಗದ ಮೇಲೆ ತಂದರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನೂ 1972ರಲ್ಲಿ ಪದ್ಮಶ್ರೀಯನ್ನೂ ಪಡೆದು, ಅದೇ 1972ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಸಂಸ್ಥೆಯನ್ನು ಕಟ್ಟಿದವರನ್ನು ಹಳೆಯ ಪ್ರೇಕ್ಷಕರು ನೆನೆಯುವಾಗ ಮೊದಲು ಹೇಳುತ್ತಿದ್ದದ್ದು ‘ಸದಾರಮೆ’ಯ ಕಳ್ಳನ ಪಾತ್ರವನ್ನು. ಆ ನಾಟಕವನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಇದೇ ಜಿಲ್ಲೆಯ ಬೆಳ್ಳಾವೆಯವರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡುಗಳನ್ನು ಬರೆದವರೂ ಅವರೇ. ವೀರಣ್ಣನವರು ತಮ್ಮ ಬದುಕನ್ನು ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕಂಪನಿಯ ಬದುಕು ಒಳಗಿನಿಂದ ಹೇಗಿತ್ತು ಎಂದು ತಿಳಿಯಲು ಅದನ್ನು ಓದಲೇಬೇಕು.

ಎರಡನೆಯವರು ತಿಪಟೂರಿನ ನರಸಿಂಹರಾಜು. 1923ರ ಜುಲೈ 24ರಂದು ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ವೃತ್ತಿರಂಗಭೂಮಿಗೆ ಬಂದು, 1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾದಲ್ಲಿ ನೆಲೆಯೂರಿ, 1979ರ ಜುಲೈ 20ರಂದು, ಐವತ್ತಾರು ತುಂಬಲು ನಾಲ್ಕು ದಿನವಿರುವಾಗ ತೀರಿಕೊಂಡರು. ಅವರ ಬದುಕನ್ನು ಹುಟ್ಟು, ಚಿತ್ರಗಳ ಪಟ್ಟಿ, ಸಾವು ಎಂದು ಬರೆದರೆ ಅದರಲ್ಲಿ ನರಸಿಂಹರಾಜು ಅವರೇ ಇರುವುದಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನಕ್ಷತ್ರಿಕನಾಗಿ ಅವರು ಸಾಲ ವಸೂಲಿಗೆ ರಾಜನ ಬೆನ್ನು ಬಿದ್ದು ಕಾಡುವಾಗ, ಆ ಸಣಕಲು ದೇಹ, ಮುಂದಕ್ಕೆ ಚಾಚಿದ ಹಲ್ಲು, ಏರುದನಿಯ ಮಾತು ಇವೆಲ್ಲ ಸೇರಿ, ನಗು ಬರುತ್ತಿರುವಾಗಲೇ ಹರಿಶ್ಚಂದ್ರನ ಕಷ್ಟ ನಮಗೆ ಹೆಚ್ಚು ತಟ್ಟುತ್ತದೆ. ಈ ಕೆಲಸ ಹೇಗೆ ನಡೆಯಿತೆಂದು ವಿವರಿಸುವುದೇ ಹಾಸ್ಯನಟರ ಜೀವನಚರಿತ್ರೆಯ ಮುಖ್ಯ ಹೊಣೆ ಎಂದು ನಾನು ನಂಬಿದ್ದೇನೆ.

ಪರದೆಯ ಮುಂದೆ ಹುಟ್ಟುವ ಬರವಣಿಗೆ

ಹಾಸ್ಯನಟರು ಬರಹಗಾರರೂ ಆಗುವುದಕ್ಕೆ ರಂಗದ ವ್ಯವಸ್ಥೆಯಲ್ಲೇ ಒಂದು ಕಾರಣವಿದೆ. ಕಂಪನಿ ನಾಟಕದಲ್ಲಿ ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕಾದರೆ, ಮುಂದೊಂದು ಬೀದಿಯ ಪರದೆ ಇಳಿಬಿಟ್ಟು ಅದರ ಹಿಂದೆ ಸೀನರಿ ಬದಲಾಯಿಸುತ್ತಾರೆ. ಆ ಹೊತ್ತಿನಲ್ಲಿ ಪರದೆಯ ಮುಂದಿನ ಕಿರಿದಾದ ಜಾಗದಲ್ಲಿ ನಿಂತು ಜನರನ್ನು ಹಿಡಿದಿಡುವ ಕೆಲಸ ಹಾಸ್ಯ ಪಾತ್ರಧಾರಿಯದು. ಹಿಂದಿನ ಕೆಲಸ ಐದು ನಿಮಿಷಕ್ಕೂ ಮುಗಿಯಬಹುದು, ಹದಿನೈದು ನಿಮಿಷವೂ ಹಿಡಿಯಬಹುದು. ಅಚ್ಚಾದ ನಾಟಕದ ಪುಸ್ತಕದಲ್ಲಿ ಅಷ್ಟು ಹೊತ್ತಿಗೆ ಬೇಕಾದ ಮಾತು ಇರುವುದಿಲ್ಲ. ಹಳ್ಳಿಯ ನಾಟಕಗಳಲ್ಲಿ ಇನ್ನೊಂದು ತೊಡಕೂ ಸೇರುತ್ತದೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು ಎಷ್ಟೋ ಸಲ ನಾಟಕದ ದಿನವೇ ಊರಿಗೆ ಬರುವುದರಿಂದ, ಅವರೊಂದಿಗಿನ ಹಾಸ್ಯ ಸಂಭಾಷಣೆಗೆ ಅಭ್ಯಾಸವೇ ನಡೆದಿರುವುದಿಲ್ಲ. ಹಿಗ್ಗಿಸಲೂ ಕುಗ್ಗಿಸಲೂ ಬರುವಂಥ, ಎದುರಿನವರು ಯಾರೇ ಇದ್ದರೂ ನಡೆಯುವಂಥ ಮಾತನ್ನು ನಟರು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಆದ್ದರಿಂದ ‘ಇವರು ಯಾವಾಗ ಬರೆಯತೊಡಗಿದರು’ ಎಂಬ ಪ್ರಶ್ನೆಗೆ ಉತ್ತರವನ್ನು ಅಚ್ಚಾದ ಮೊದಲ ಪುಸ್ತಕದಲ್ಲಿ ಹುಡುಕುವ ಬದಲು, ಅವರು ಮೊದಲ ಸಲ ಯಾವ ಪರದೆಯ ಮುಂದೆ ನಿಂತು ಸ್ವಂತ ಮಾತು ಆಡಿದರು ಎಂದು ವಿಚಾರಿಸಬೇಕು.

ಇದನ್ನು ನಾನು ಕಲಿತದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರ ಜಗುಲಿಯ ಮೇಲೆ. ಅವರು ತಂದಿಟ್ಟ ರೂಲು ಹಾಕಿದ ನೋಟ್‌ಬುಕ್ಕಿನ ರಟ್ಟಿನ ಮೇಲೆ ಮುಖದ ಬಣ್ಣ ಮೆತ್ತಿದ ಬೆರಳ ಗುರುತುಗಳಿದ್ದವು. ಒಂದು ಪುಟದಲ್ಲಿ ಸೇವಕನಿಗೆ ಇದ್ದದ್ದು ಒಂದೇ ಮಾತು: ‘ಬಂದೇ ಬುದ್ಧೀ.’ ಅದರ ಕೆಳಗೆ ಪೆನ್ಸಿಲ್‌ನಲ್ಲಿ ‘ನಾಲ್ಕು ಸಲ’ ಎಂದಷ್ಟೇ ಬರೆದಿತ್ತು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಮಾಡಿ ತೋರಿಸುವಂತೆ ಕೇಳಿದಾಗ ಅವರು ಎದ್ದು ಬಾಗಿಲ ಒಳಗೆ ಹೋದರು. ಮೊದಲನೆಯ ‘ಬಂದೇ ಬುದ್ಧೀ’ ಒಳಗಿನಿಂದ ಗಟ್ಟಿಯಾಗಿ ಬಂತು. ಎರಡನೆಯದು ಆಕಳಿಕೆಯೊಳಗೆ ಮುಳುಗಿ ಬಂತು. ಮೂರನೆಯದಕ್ಕೆ ಬಾಗಿಲ ಪಕ್ಕದಲ್ಲಿ ತಲೆ ಮಾತ್ರ ಕಾಣಿಸಿತು, ಯಜಮಾನ ಇದ್ದಾನೆಂದು ನೋಡಿದ ಕೂಡಲೇ ಆ ತಲೆ ಮತ್ತೆ ಒಳಕ್ಕೆ ಹೋಯಿತು. ಜಗುಲಿಯ ಮೇಲಿದ್ದ ನಾವೆಲ್ಲ ನಕ್ಕದ್ದು ಆಗ, ಬಾಯಿಂದ ಒಂದು ಮಾತೂ ಬರದ ಆ ಕ್ಷಣದಲ್ಲಿ. ನಾಲ್ಕನೆಯದಕ್ಕೆ ಅವರು ಪೂರ್ತಿ ಹೊರಬಂದು, ನಮಗೆ ಬೆನ್ನು ಮಾಡಿ, ಇಲ್ಲದ ಪೊರಕೆಯಿಂದ ನೆಲ ಗುಡಿಸತೊಡಗಿದರು. ಹಿಂದೆ ಸೀನರಿ ಸಿದ್ಧವಾದರೆ ಹಲಗೆಯ ಮೇಲೆ ಎರಡು ಪೆಟ್ಟು ಬೀಳುತ್ತಿತ್ತೆಂದೂ, ಅದು ಕೇಳಿಸದಿದ್ದರೆ ನಾಲ್ಕು ಸಲದ್ದು ಏಳು ಸಲ ಆಗುತ್ತಿತ್ತೆಂದೂ ಆಮೇಲೆ ವಿವರಿಸಿದರು. ನೋಟ್‌ಬುಕ್ಕಿನ ಎರಡು ಪದಗಳು ಅವರ ಪಾಲಿಗೆ ಇಡೀ ದೃಶ್ಯವಾಗಿದ್ದವು.

ಇಂಥ ಭಾಗವನ್ನು ಬರೆಯುವಾಗ ಮಾತು, ಚಲನೆ, ನಗು ಬಂದ ಜಾಗ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ‘ಅವರು ಅದ್ಭುತವಾಗಿ ನಗಿಸುತ್ತಿದ್ದರು’ ಎಂಬ ವಾಕ್ಯದಿಂದ ಮುಂದಿನ ಓದುಗರಿಗೆ ಏನೂ ದೊರೆಯುವುದಿಲ್ಲ.

ಕೇಳುವ ಕ್ರಮ

ಮೊದಲ ಭೇಟಿಯಲ್ಲೇ ಹುಟ್ಟಿದ ತಾರೀಖು, ಪ್ರಶಸ್ತಿ, ಸನ್ಮಾನಗಳ ಪಟ್ಟಿ ಕೇಳಿದರೆ ಹಿರಿಯರು ಸಭೆಯಲ್ಲಿ ಕುಳಿತವರಂತೆ ಬಿಗಿಯಾಗಿಬಿಡುತ್ತಾರೆ. ‘ಯಜಮಾನ್ರೇ, ಆ ಕಳ್ಳನ ಪಾತ್ರಕ್ಕೆ ಕಂಬಳಿ ಹೇಗೆ ಹೊದೀತಿದ್ರಿ?’ ಎಂಬಂಥ ಕೈಗೆ ಸಿಗುವ ವಸ್ತುವಿನಿಂದ ಮಾತು ತೆಗೆಯಿರಿ. ವಸ್ತು ನೆನಪಾದರೆ ದೃಶ್ಯ ನೆನಪಾಗುತ್ತದೆ, ದೃಶ್ಯದ ಬೆನ್ನಿಗೆ ಊರೂ ವರ್ಷವೂ ಬರುತ್ತವೆ. ಸಾಧ್ಯವಾದರೆ ಮೊಬೈಲ್‌ನಲ್ಲಿ ಧ್ವನಿಯ ಜೊತೆಗೆ ವಿಡಿಯೋವನ್ನೂ ತೆಗೆಯಿರಿ, ಆದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಹಾರ್ಮೋನಿಯಂ ಮೇಷ್ಟರು, ಎದುರು ಪಾತ್ರ ಮಾಡಿದ ಕಲಾವಿದೆ, ಸೀನರಿಯವರು, ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತಿದ್ದ ಅಜ್ಜಿಯಂದಿರು ಇವರೆಲ್ಲರನ್ನೂ ಕೇಳಬೇಕು. ನಟರಿಗೆ ತಾವು ಆಡಿದ್ದು ನೆನಪಿದ್ದರೆ, ಜನ ಎಲ್ಲಿ ನಕ್ಕರೆಂಬುದು ಇವರಿಗೆ ನೆನಪಿರುತ್ತದೆ.

ಹಣದ ವಿಷಯವನ್ನು ಸಂಕೋಚಪಟ್ಟು ಬಿಡಬಾರದು. ನಮ್ಮ ಕಡೆಯ ಹಳ್ಳಿಯ ನಾಟಕಗಳಲ್ಲಿ ಪಾತ್ರಧಾರಿಗಳೇ ಪಾತ್ರಕ್ಕೆ ಇಂತಿಷ್ಟೆಂದು ಹಣ ಹಾಕಿ, ಮೇಷ್ಟರು, ಸೀನರಿ, ಸ್ತ್ರೀಪಾತ್ರಗಳ ಖರ್ಚು ತೂಗಿಸುತ್ತಾರೆ. ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ನಿಮ್ಮ ನಟರು ಹಣ ಕೊಟ್ಟು ಆಡಿದರೋ, ಹಣ ಪಡೆದು ಆಡಿದರೋ, ಮೊದಲನೆಯದರಿಂದ ಎರಡನೆಯದಕ್ಕೆ ಯಾವ ವರ್ಷ ದಾಟಿದರೋ ಎಂಬುದು ಅವರ ವೃತ್ತಿಜೀವನದ ದೊಡ್ಡ ತಿರುವು. ಉಳಿದ ತಿಂಗಳುಗಳಲ್ಲಿ ಅವರು ಕೊಬ್ಬರಿ ಸುಲಿಯುತ್ತಿದ್ದರೋ, ರಾಗಿ ಬೆಳೆಯುತ್ತಿದ್ದರೋ, ಕ್ಷೌರದ ಅಂಗಡಿ ಇಟ್ಟಿದ್ದರೋ ಅದನ್ನೂ ಬರೆಯಬೇಕು. ಅವರ ಹಾಸ್ಯದ ಮಾತುಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದಿರುತ್ತವೆ.

ಆಡುಮಾತನ್ನು ತಿದ್ದಬೇಡಿ. ಪಾವಗಡದ ಕಡೆಯ ನಟರು, ಕೋಲಾರ, ಚಿಕ್ಕಬಳ್ಳಾಪುರದ ನಟರು ಒಂದೇ ವಾಕ್ಯದಲ್ಲಿ ಕನ್ನಡದಿಂದ ತೆಲುಗಿಗೆ ಹಾರಿ ಮರಳಿ ಬರುತ್ತಾರೆ. ಎಷ್ಟೋ ಬಾರಿ ನಗು ಹುಟ್ಟುವುದೇ ಆ ಹಾರಿಕೆಯಲ್ಲಿ. ಅದನ್ನು ಶಿಷ್ಟ ಕನ್ನಡಕ್ಕೆ ಇಳಿಸಿದರೆ ಉಳಿಯುವುದು ಸಾರ ಮಾತ್ರ. ಕೇಳಿದ್ದನ್ನು ಕೇಳಿದ ಹಾಗೆ ಬರೆದು, ಅರ್ಥವನ್ನು ಪಕ್ಕದಲ್ಲಿ ಕೊಡಿ.

ವರ್ಷ ಗೊತ್ತುಮಾಡುವುದು

ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕವನ್ನು ಕಣ್ಣುಮುಚ್ಚಿ ನಂಬಬಾರದು. ಹಳೆಯ ಕಾಲದಲ್ಲಿ ಮೇಷ್ಟರು ಅಂದಾಜಿನ ಮೇಲೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದದ್ದು ಸಾಮಾನ್ಯ. ಹಳೆಯ ಕರಪತ್ರ, ಲಗ್ನಪತ್ರಿಕೆ, ಜಾತಕಗಳಲ್ಲಿ ಸಂವತ್ಸರ ಇರುತ್ತದೆ, ಅದು ಹೆಚ್ಚು ಸಹಾಯಕ. ಉದಾಹರಣೆಗೆ, ರುಧಿರೋದ್ಗಾರಿ ಸಂವತ್ಸರವೆಂದರೆ 1923ರ ಯುಗಾದಿಯಿಂದ 1924ರ ಯುಗಾದಿಯವರೆಗೆ. ನರಸಿಂಹರಾಜು ಹುಟ್ಟಿದ್ದು ಅದರಲ್ಲೇ. ಅದೇ ಸಂವತ್ಸರದ ಮಾಘ ಮಾಸವಾದರೆ ಇಸವಿ 1924 ಆಗುತ್ತದೆ ಎಂಬುದನ್ನು ಮರೆಯಬಾರದು. ಅರವತ್ತು ವರ್ಷಕ್ಕೆ ಹೆಸರು ಮರಳುವುದರಿಂದ 1983–84 ಕೂಡ ರುಧಿರೋದ್ಗಾರಿಯೇ. ಯಾವುದೆಂದು ಬೇರೆ ಆಧಾರದಿಂದ ನಿರ್ಧರಿಸಬೇಕು. ಕಾಗದವೇ ಇಲ್ಲದಿದ್ದರೆ ನಾಲ್ವಡಿಯವರು ತೀರಿಕೊಂಡ 1940, ಗಾಂಧೀಜಿಯವರ ಹತ್ಯೆಯಾದ 1948 ಇಂಥ ಗುರುತುಗಳಿಂದ ‘ಅದಕ್ಕೆ ಮುಂಚೆಯೋ ಆಮೇಲೆಯೋ’ ಎಂದು ಕೇಳಬಹುದು. ಸಿದ್ಧಗಂಗೆಯ ಜಾತ್ರೆಯ ಹೊತ್ತಿನ ನಾಟಕ ಎಂದರೆ ಶಿವರಾತ್ರಿಯ ಆಸುಪಾಸು ಎಂದು ತಿಂಗಳೂ ಗೊತ್ತಾಗುತ್ತದೆ.

ಕಾಗದಗಳನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ಒಮ್ಮೆ ನಾನು ಒಂದು ಹಳೆಯ ನಾಟಕದ ಕೈಬರಹವನ್ನು ಜೆರಾಕ್ಸ್ ಮಾಡಿಸಲು ಕೊಟ್ಟಾಗ, ಹಾಳೆಗಳು ನೇರವಾಗಿ ಕೂರಲೆಂದು ಅಂಗಡಿಯವರು ಹೊಲಿಗೆಯ ದಾರವನ್ನು ಕತ್ತರಿಸಿಬಿಟ್ಟರು. ಪುಟಸಂಖ್ಯೆ ಇಲ್ಲದ ಆ ಹಾಳೆಗಳ ಕ್ರಮವನ್ನು ಮತ್ತೆ ಕೂಡಿಸಲು ಆಗಲೇ ಇಲ್ಲ. ಆ ಮನೆಯವರ ಮುಖ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಜಗುಲಿಯ ಬೆಳಕಿನಲ್ಲೇ, ರಟ್ಟಿನಿಂದ ಆರಂಭಿಸಿ, ಖಾಲಿ ಹಾಳೆಯನ್ನೂ ಬಿಡದೆ ಫೋಟೋ ತೆಗೆಯುತ್ತೇನೆ.

ಸಿನಿಮಾಕ್ಕೆ ಹೋದವರಾದರೆ

ಚಿತ್ರದ ಶೀರ್ಷಿಕೆಯಲ್ಲಿ, ಅಂದರೆ ತೆರೆಯ ಮೇಲೆ ತೋರಿಸುವ ಹೆಸರುಗಳ ಪಟ್ಟಿಯಲ್ಲಿ, ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಬೇರೆಬೇರೆ ಹೊಣೆಗಳು. ಕಥೆ ಎಂದರೆ ಏನಾಯಿತೆಂಬುದು. ಚಿತ್ರಕಥೆ ಎಂದರೆ ಅದು ಯಾವ ಅನುಕ್ರಮದಲ್ಲಿ, ಯಾವ ದೃಶ್ಯಗಳಾಗಿ ತೆರೆಗೆ ಬರುತ್ತದೆಂಬುದು. ಸಂಭಾಷಣೆ ಎಂದರೆ ಪಾತ್ರಗಳ ಬಾಯಿಮಾತು. ‘ಅಜ್ಜ ಸಿನಿಮಾಕ್ಕೆ ಬರೆದಿದ್ದರು’ ಎಂದು ಮನೆಯವರು ಹೇಳಿದರೆ ಈ ಮೂರರಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಾಸ್ಯನಟರು ಸೆಟ್ಟಿನಲ್ಲೇ ಸೇರಿಸಿದ ಮಾತುಗಳಿಗೆ ಶೀರ್ಷಿಕೆಯಲ್ಲಿ ಹೆಸರು ಬರುವುದು ಕಡಿಮೆ. ಹೆಸರಿಲ್ಲ ಎಂದು ಅವರು ಬರೆಯಲಿಲ್ಲವೆಂದೂ ಹೇಳಲಾಗದು, ಮನೆಯ ಮಾತಿನ ಮೇಲೆ ಬರೆದರೆಂದೂ ಹೇಳಲಾಗದು. ಕೈಬರಹ, ಸಹನಟರ ಮಾತು, ಅವರ ರಂಗದ ಹಳೆಯ ದೃಶ್ಯದೊಂದಿಗೆ ಇರುವ ಹೋಲಿಕೆ, ಇವುಗಳಲ್ಲಿ ಎರಡಾದರೂ ಕೂಡಿಬಂದಾಗ ಮಾತ್ರ ಬರೆಯಿರಿ. ಗುಬ್ಬಿ ಕಂಪನಿಯಲ್ಲಿದ್ದ ಜಿ. ವಿ. ಅಯ್ಯರ್ ಅವರು ನಟನೆಯಿಂದ ಆರಂಭಿಸಿ ಸಂಭಾಷಣೆ, ಹಾಡು, ನಿರ್ದೇಶನಗಳಿಗೆ ದಾಟಿದ ಬಗೆಯನ್ನು ಇಲ್ಲಿ ಮಾದರಿಯಾಗಿ ನೋಡಬಹುದು.

ಬರೆಯಲು ಕುಳಿತಾಗ

ಹುಟ್ಟಿನಿಂದ ಆರಂಭಿಸುವ ಅಗತ್ಯವಿಲ್ಲ. ನಟರ ಅತ್ಯುತ್ತಮ ದೃಶ್ಯವೊಂದನ್ನು ಮೊದಲ ಎರಡು ಪುಟಗಳಲ್ಲಿ ಪೂರ್ತಿ ಕಟ್ಟಿಕೊಟ್ಟು, ಇಂಥದನ್ನು ಮಾಡಿದವರು ಎಲ್ಲಿಂದ ಬಂದರೆಂದು ಆಮೇಲೆ ಹಿಂದಕ್ಕೆ ಹೋಗಿ. ಹಾಸ್ಯನಟರೆಂದ ಕೂಡಲೇ ‘ಎಲ್ಲರನ್ನೂ ನಗಿಸಿ ಒಳಗೇ ಅತ್ತವರು’ ಎಂದು ಬರೆಯುವ ರೂಢಿಯೊಂದಿದೆ. ನಿಮ್ಮ ನಟರ ಬದುಕಿನಲ್ಲಿ ಅದಕ್ಕೆ ಆಧಾರವಿಲ್ಲದಿದ್ದರೆ ದಯವಿಟ್ಟು ಬರೆಯಬೇಡಿ. ಸಂತೋಷವಾಗಿ ಬಾಳಿ, ತೋಟ ಮಾಡಿ, ವಯಸ್ಸಾಗಿ ತೀರಿಕೊಂಡ ಹಾಸ್ಯನಟರೂ ಇದ್ದಾರೆ.

ನಾಟಕದ ಕೈಬರಹವನ್ನು ಅಚ್ಚು ಮಾಡಿಸುವುದಾದರೆ ಹಕ್ಕಿನ ವಿಷಯ ಗಮನಿಸಬೇಕು. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ವಾರಸುದಾರರದು. ಅವರಿಂದ ಲಿಖಿತ ಅನುಮತಿ ಪಡೆಯಬೇಕು.

ಕರಡು ಮುಗಿದ ಮೇಲೆ ಅದನ್ನು ಅದೇ ಊರಿಗೆ ಒಯ್ದು, ನಾಟಕ ನೋಡಿದ್ದವರನ್ನು ಸೇರಿಸಿ ಗಟ್ಟಿಯಾಗಿ ಓದಿ. ‘ಹಂಗಲ್ಲ, ಆವತ್ತು ಅವ್ನು ಪೊರ್ಕೆ ಹಿಡ್ದಿರ್ಲಿಲ್ಲ, ಮೊರ ಹಿಡ್ದಿದ್ದ’ ಎಂದು ಯಾರಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಹೇಳಿದವರ ಹೆಸರನ್ನೂ ಅವರು ಯಾವ ವರ್ಷದ ನಾಟಕದ ಮಾತು ಹೇಳುತ್ತಿದ್ದಾರೆಂಬುದನ್ನೂ ಬರೆದುಕೊಳ್ಳಿ. ಎರಡು ರಾತ್ರಿಗಳಲ್ಲಿ ಎರಡು ಬಗೆಯಾಗಿ ಆಡಿರುವುದೂ ಸಾಧ್ಯ, ಹಾಗಿದ್ದರೆ ಎರಡನ್ನೂ ಪುಸ್ತಕದಲ್ಲಿ ಉಳಿಸಿ.