ಮೇಲ್ ಯಾವ ದೇಶ ಸುತ್ತಿ ಬಂತು?

ಮಂಡ್ಯದಲ್ಲಿ ನಮ್ಮ ಮಾವನ ಬೆಲ್ಲದ ಮಂಡಿಗೆ ‘ಬಾಕಿ ಬಿಲ್’ ಅಂತ ಒಂದು ಮೇಲ್ ಬಂದಿತ್ತು. ಹೆಸರು ಪಕ್ಕದ ಬೀದಿಯವರದು, ಮೇಲ್ ಮಾತ್ರ ಎರಡು ದೇಶ ದಾಟಿ ಬಂದಿದೆ!

ಸ್ವಂತ ಮೇಲ್ ಸರ್ವರ್‌ನಲ್ಲಿ ಸ್ಪ್ಯಾಮ್‌ಅಸ್ಯಾಸಿನ್ (ಬೇಡದ ಮೇಲ್ ಸೋಸುವ ತಂತ್ರಾಂಶ) ಇದ್ದರೆ ಇದನ್ನು ಹಿಡಿಯಬಹುದು. ಅದರ ಇನಿಟ್ ಡಾಟ್ ಪ್ರೀ (init.pre) ಅನ್ನೋ ಸೆಟ್ಟಿಂಗ್ ಫೈಲ್ ತೆರೆಯಿರಿ. ಮೇಲ್ ಯಾವ ದೇಶಗಳ ಸರ್ವರ್ ಹಾದು ಬಂತು ಅಂತ ನೋಡುವ ರಿಲೇಕಂಟ್ರಿ (RelayCountry) ಪ್ಲಗಿನ್‌ನ ಸಾಲಿನ ಮುಂದೆ ಹ್ಯಾಶ್ ಗುರುತು ಇರುತ್ತದೆ, ಅದನ್ನು ತೆಗೆಯಿರಿ. ಐಪಿ (ಸರ್ವರ್‌ನ ಇಂಟರ್ನೆಟ್ ವಿಳಾಸ) ನೋಡಿ ದೇಶ ಹೇಳುವ ಡೇಟಾಬೇಸ್ ಕೂಡ ಬೇಕು. ಮ್ಯಾಕ್ಸ್‌ಮೈಂಡ್‌ನ ಜಿಯೋಲೈಟ್2 ಉಚಿತ, ಆದರೆ ಖಾತೆ ತೆರೆಯಬೇಕು. ಲೋಕಲ್ ಡಾಟ್ ಸಿಎಫ್ (local.cf) ಅನ್ನೋ ಇನ್ನೊಂದು ಸೆಟ್ಟಿಂಗ್ ಫೈಲ್‌ನಲ್ಲಿ ಆ್ಯಡ್-ಹೆಡರ್ (add_header) ಸಾಲು ಸೇರಿಸಿದರೆ ಪ್ರತಿ ಮೇಲ್‌ನ ತಲೆಯಲ್ಲೂ (ಹೆಡರ್) ದೇಶಗಳ ಎರಡಕ್ಷರದ ಕೋಡ್ ಕಾಣುತ್ತದೆ. ಎಕ್ಸ್ಎಕ್ಸ್ ಅಂದರೆ ದೇಶ ಗೊತ್ತಾಗಿಲ್ಲ ಅಂತ. ರೀಸ್ಟಾರ್ಟ್‌ಗೆ ಮೊದಲು ಸೆಟ್ಟಿಂಗ್‌ನಲ್ಲಿ ತಪ್ಪಿದೆಯಾ ಅಂತ ನೋಡುವ ಲಿಂಟ್ (--lint) ಓಡಿಸಿ, ನಾನು ಓಡಿಸದೆ ಅರ್ಧ ದಿನ ಕಳೆದೆ.

ಹೊರದೇಶ ಅಂತ ಸುಮ್ನೆ ಬ್ಲಾಕ್ ಮಾಡಬೇಡಿ. ಮೈಸೂರಿನವರೇ ಕಳಿಸಿದ ಮೇಲ್ ಕೂಡ ಅಮೆರಿಕದ ಸರ್ವರ್ ಹಾದು ಬರುತ್ತೆ, ಅಲ್ವಾ? ಸ್ಪ್ಯಾಮ್‌ಅಸ್ಯಾಸಿನ್ ಪ್ರತಿ ಮೇಲ್‌ಗೂ ಅಂಕ ಕೊಡುತ್ತೆ, ಸ್ಪ್ಯಾಮ್ ಅನ್ನೋಕೆ ಮಾಮೂಲಿ ಮಿತಿ 5 ಅಂಕ, ನಾನು ದೇಶಕ್ಕೆ ಅಂತ ಕೊಟ್ಟಿರುವುದು ಬರೀ 0.5. ಇನ್ನೊಂದು, ಮೇಲ್ ಹಾದು ಬಂದ ದಾರಿ ತೋರಿಸುವ ‘ರಿಸೀವ್ಡ್’ (Received) ಸಾಲುಗಳಲ್ಲಿ ನಮ್ಮ ಸರ್ವರ್ ಬರೆದದ್ದನ್ನು ನಂಬಬಹುದು. ಅದರ ಕೆಳಗಿನವನ್ನು ಕಳಿಸಿದವನೇ ಕಟ್ಟಿರಬಹುದು.